ಖಾಲಿ ಅಂಗಳದಲ್ಲಿ ಐದು ಬೈಕು

ಹದಿನಾಲ್ಕು ದಿನ, ದಿನಕ್ಕೆ ಎಂಬತ್ತು ಕಿಲೋಮೀಟರ್, ಮಾಮೂಲಿ ರಸ್ತೆ, ಮಾಮೂಲಿ ಟ್ರಾಫಿಕ್ಕು. ನನ್ನ ಕೈಗೆ ಬಂದ ಟ್ರಯಲ್ ಹಾಳೆಯಲ್ಲಿ ಇದ್ದದ್ದು ಇಷ್ಟೇ. ಗಾಡಿ ನಮ್ಮ ಪೀಣ್ಯದ ಕಾರ್ಖಾನೆಯಲ್ಲೇ ಕಟ್ಟಿದ್ದು. ನಾಲ್ಕು ಚಕ್ರ, ಒಂಬತ್ತು ಟನ್ ತೂಕ, ಸುತ್ತ ಗುಂಡು ತಡೆಯುವ ಉಕ್ಕು, ಕಿಟಕಿಗಳಿಗೆ ನಾಲ್ಕು ಬೆರಳು ದಪ್ಪದ ಗಾಜು. ಸೈನ್ಯದ ಲೆಕ್ಕದಲ್ಲಿ ಇದು ಹಗುರ ಕವಚದ ಗಾಡಿ. ಬಾಗಿಲು ತೆಗೆಯಬೇಕಾದರೆ ಹೆಗಲು ಕೊಟ್ಟು ತಳ್ಳಬೇಕು, ಅಷ್ಟು ಹಗುರ.

ಫೌಜಿನಲ್ಲಿದ್ದಾಗ ಇಂಥ ಗಾಡಿಗಳನ್ನು ಗುಡ್ಡಗಾಡಿನಲ್ಲಿ ಓಡಿಸಿದ್ದೆ. ಅಲ್ಲಿ ನಾವು ಬರುವ ಮೊದಲೇ ರಸ್ತೆ ಖಾಲಿ ಮಾಡಿಸಿರುತ್ತಿದ್ದರು. ಇಲ್ಲಿ ಯಾರೂ ಖಾಲಿ ಮಾಡುವುದಿಲ್ಲ, ಮಾಡಿಸಲೂಬಾರದು. ಗಾಡಿ ಕೊಳ್ಳುವ ಪಡೆಯವರ ಷರತ್ತೇ ಅದು. ನಾಳೆ ಈ ಗಾಡಿ ಊರೊಳಗೆ ಓಡಬೇಕು, ಆಟೋ, ಬಸ್ಸು, ತಳ್ಳುಗಾಡಿಗಳ ನಡುವೆ ಹೇಗೆ ನಡೆದುಕೊಳ್ಳುತ್ತದೆ ತೋರಿಸಿ ಅಂದಿದ್ದರು. ನನಗೆ ಹೆದರಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಕಾರ್ಖಾನೆಯ ಐವರು ಡ್ರೈವರ್‌ಗಳಲ್ಲಿ ನನ್ನನ್ನೇ ಆರಿಸಿದ್ದಕ್ಕೆ ಒಂದು ಸುತ್ತು ದಪ್ಪಗಾಗಿದ್ದೆ.

ತಯಾರಿಗೇ ಎರಡು ದಿನ ಹಿಡಿಯಿತು. ತಾತ್ಕಾಲಿಕ ಕೆಂಪು ನಂಬರ್ ಪ್ಲೇಟು ಹಾಕಿದೆವು. ಪೊಲೀಸರ ಅನುಮತಿ ಪತ್ರವನ್ನು ಗಾಜಿನ ಒಳಗೆ ಅಂಟಿಸಿದೆವು. ಮೇಲೆ ಬಂದೂಕು ಕೂರಿಸುವ ಜಾಗಕ್ಕೆ ತಾಡಪಾಲು ಬಿಗಿದೆವು. ಮುಂದೆ ಹಳದಿ ದೀಪದ ಪೈಲಟ್ ಕಾರು. ಅದರ ಬಂಪರಿಗೆ ಒಂದು ಬಿದಿರು ಗಳ ಕಟ್ಟಿದ್ದು ನಾನೇ, ನಮ್ಮ ಗಾಡಿಗಿಂತ ಒಂದು ಗೇಣು ಎತ್ತರಕ್ಕೆ. ಲಗ್ಗೆರೆಯ ರಸ್ತೆಗಳಲ್ಲಿ ಟಿವಿ, ಇಂಟರ್ನೆಟ್ ಕೇಬಲ್‌ಗಳು ತೋರಣದ ಹಾಗೆ ಜೋತುಬಿದ್ದಿರುತ್ತವೆ. ಗಳಕ್ಕೆ ಕೇಬಲ್ ತಗುಲಿದರೆ ಪೈಲಟ್ ಕಾರಿನವನು ವಾಕಿಟಾಕಿಯಲ್ಲಿ "ತಲೆ, ತಲೆ" ಅನ್ನಬೇಕು, ನಾನು ನಿಲ್ಲಿಸಬೇಕು.

ನನ್ನ ಎಡಗಡೆ ಸೀಟಿನಲ್ಲಿ ಇಂಜಿನಿಯರ್ ಮೇಡಂ. ಮೂವತ್ತರ ಆಸುಪಾಸಿನ ಹೆಂಗಸು, ಈ ಗಾಡಿಯ ವೈರಿಂಗಿನಿಂದ ಹಿಡಿದು ಬ್ರೇಕಿನವರೆಗೆ ಎಲ್ಲವನ್ನೂ ಜೋಡಿಸಿದ ತಂಡದ ಮುಖ್ಯಸ್ಥೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರ ಮೇಲೊಂದು ನೋಟ್‌ಬುಕ್ಕು. ಹತ್ತು ನಿಮಿಷಕ್ಕೊಮ್ಮೆ ಬ್ರೇಕು, ಗೇರ್‌ಬಾಕ್ಸು, ಇಂಜಿನ್ನಿನ ಬಿಸಿ ಎಷ್ಟು ಅಂತ ಬರೆದುಕೊಳ್ಳುತ್ತಿದ್ದರು. ಮಾತು ಕಮ್ಮಿ.

ದಾರಿ ಹೀಗಿತ್ತು. ಪೀಣ್ಯದಿಂದ ಲಗ್ಗೆರೆ, ಅಲ್ಲಿಂದ ರಿಂಗ್ ರೋಡು ಹಿಡಿದು ಊರನ್ನು ಅರ್ಧ ಸುತ್ತಿ ಹೊಸೂರು ರಸ್ತೆ, ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ. ಮೇಲ್ಸೇತುವೆ ಹತ್ತುವಂತಿಲ್ಲ, ಕೆಳಗಿನ ಸಿಗ್ನಲ್‌ಗಳ ರಸ್ತೆಯಲ್ಲೇ ಹೋಗಬೇಕು. ಮತ್ತೆ ಅದೇ ದಾರಿಯಲ್ಲಿ ವಾಪಸ್.

ಮೊದಲ ದಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಆಟೋದವನು ಗಾಡಿಯನ್ನು ಮೂರು ಸುತ್ತು ಸುತ್ತಿ ಬಂದ. "ಅಣ್ಣ, ಯುದ್ಧ ಎಲ್ಲಿ?" ಅಂದ.

"ಬೊಮ್ಮನಹಳ್ಳಿ ಸಿಗ್ನಲ್ಲಲ್ಲಿ," ಅಂದೆ.

"ಹಂಗಾದ್ರೆ ಇದೂ ಸಾಲಲ್ಲ ಬಿಡಿ," ಅಂತ ತಲೆಯಾಡಿಸಿಕೊಂಡು ಹೋದ.

ಗಾಡಿ ಚೆನ್ನಾಗಿ ಓಡಿತು. ಉಬ್ಬುಗಳ ಮೇಲೆ ಮೆತ್ತಗೆ ಹತ್ತಿ ಮೆತ್ತಗೆ ಇಳಿಯುತ್ತಿತ್ತು. ಸ್ಟೇರಿಂಗ್ ಹಗುರ. ಒಳಗೆ ಕೂತರೆ ಹೊರಗಿನ ಹಾರನ್ನು, ಬೈಗುಳ ಒಂದೂ ಕೇಳುವುದಿಲ್ಲ. ನೀರೊಳಗೆ ಕೂತು ಊರು ನೋಡಿದ ಹಾಗೆ. ಮೂರನೇ ದಿನದ ಕೊನೆಗೆ ಡ್ರೈವರ್ ಹಾಳೆಗೆ ಸಹಿ ಹಾಕಬೇಕಿತ್ತು. ಹದಿನಾಲ್ಕು ಸಾಲು: ಆಸನ, ಪೆಡಲು, ಸ್ಟೇರಿಂಗು, ಹೀಗೆ. ಆರನೇ ಸಾಲು, ಚಾಲಕನ ನೋಟ. ನಾನು ಮೇಲಿಂದ ಕೆಳಗಿನವರೆಗೂ ತೃಪ್ತಿಕರ, ತೃಪ್ತಿಕರ ಅಂತ ಬರೆದು ಪ್ರತಿ ಸಾಲಿಗೂ ಸಹಿ ಹಾಕಿ ಕೊಟ್ಟೆ. ಒಂದು ಲೋಟ ಚಹಾ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ.

ಐದನೇ ದಿನ ಲಗ್ಗೆರೆಯಲ್ಲಿ ಎಡಗಡೆಯ ಕನ್ನಡಿ ಒಂದು ಅಂಗಡಿ ಸಾಲಿನ ತಗಡಿನ ಚಾವಣಿಗೆ ಬಡಿಯಿತು. ಕನ್ನಡಿಯ ತೋಳು ಹಿಂದಕ್ಕೆ ಮಡಚಿಕೊಂಡಿತು, ತಗಡು ಒಂದು ಮೊಳ ಸೀಳಿತು. ಪೈಲಟ್ ಕಾರಿನವನು ಇಳಿದು ಹೋಗಿ ಸಮಾಧಾನ ಮಾಡುತ್ತಿದ್ದ. ನಾನೂ ಮುಂದೆ ಜಾಗ ಸಿಕ್ಕಲ್ಲಿ ನಿಲ್ಲಿಸಿ ಇಳಿದು ಬಂದೆ. ಅಂಗಡಿಗಳ ಮಾಲೀಕರು ಎಪ್ಪತ್ತು ದಾಟಿದ ಹಿರಿಯರು, ಆ ಊರಿನವರೇ.

"ಇಲ್ಲೆಲ್ಲಾ ನಮ್ದೇ ರಾಗಿ ಒಲ ಇತ್ತು ಕಣಪ್ಪ," ಅಂದರು. "ಇದೇ ಜಾಗದಾಗೆ ನಾನು ಟ್ರಾಕ್ಟರ್ ಓಡ್ಸಿವ್ನಿ. ಯಾವತ್ತೂ ಇಂಗೆ ಗುದ್ದಿರ್ಲಿಲ್ಲ. ಎಡಗಡೆ ಏನೂ ಕಾಣಾಕಿಲ್ವಾ ನಿಂಗೆ?"

"ಕಾಣುತ್ತೆ ಯಜಮಾನ್ರೆ. ಕನ್ನಡಿ ಸ್ವಲ್ಪ ಸಡಿಲ ಆಗಿತ್ತು," ಅಂದೆ.

ತಗಡನ್ನು ಕಾರ್ಖಾನೆಯವರು ಅವತ್ತೇ ಬದಲಾಯಿಸಿಕೊಟ್ಟರು. ಮುಂದೆ ಹೋಗುವವನು ಅಂಚು ನೋಡಿ ಹೇಳಬೇಕಿತ್ತು ಅಂತ ನಾನು ಪೈಲಟ್ ಕಾರಿನವನ ಮೇಲೆ ರೇಗಿದೆ. ಕನ್ನಡಿಯ ತೋಳಿಗೆ ಇನ್ನೊಂದು ಬೋಲ್ಟು ಹಾಕಿಸಿದೆ, ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಏಳನೇ ದಿನ ಬ್ರೇಕು ಕಾಟ ಕೊಟ್ಟಿತು. ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ ಒಂಬತ್ತು ಟನ್ನನ್ನು ಮಿನಿಟಿಗೆ ಮೂರು ಸಲ ತಡೆದರೆ ಡ್ರಮ್ಮು ಕಾದುಹೋಗುತ್ತದೆ. ಮೇಡಂ ಲ್ಯಾಪ್‌ಟಾಪ್ ನೋಡಿ, "ಹಿಂದಿನ ಎಡದ್ದು ಜಾಸ್ತಿ ಬಿಸಿ ಇದೆ, ಸೈಡಿಗೆ ಹಾಕಿ," ಅಂದರು. ಹಾಕಿದೆ. ಆ ಚಕ್ರದ ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ, ಸಣ್ಣಗೆ ಉಜ್ಜುತ್ತಲೇ ಇತ್ತು. ಕಾರ್ಖಾನೆಗೆ ತಂದು ಬಿಗಿತ ಸರಿಮಾಡಿ, ಮಾರನೇ ದಿನ ಅದೇ ದಾರಿಯಲ್ಲಿ ಓಡಿಸಿದೆವು. ನಾಲ್ಕೂ ಚಕ್ರದ ಬಿಸಿ ಒಂದೇ ಸಮ ಬಂತು. ಇಂಥ ತೊಂದರೆ ಬಂದರೆ ನನಗೆ ಇಷ್ಟ. ಅಂಕಿ ತೋರಿಸುತ್ತದೆ, ಕೈ ಹಾಕಿದರೆ ಸರಿಹೋಗುತ್ತದೆ.

ಒಂಬತ್ತನೇ ದಿನ, ಸಂಜೆ ಐದೂವರೆ. ವಾಪಸ್ ಬರುತ್ತಾ ಬೊಮ್ಮನಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಗಾರ್ಮೆಂಟ್ಸ್ ಕಾರ್ಖಾನೆಗಳು ಬಿಟ್ಟ ಹೊತ್ತು. ನೂರಾರು ಹೆಣ್ಣುಮಕ್ಕಳು ನಿಂತ ಗಾಡಿಗಳ ಸಂದಿಯಲ್ಲಿ ತೂರಿಕೊಂಡು ಆ ಕಡೆಯ ಬಸ್ ಸ್ಟಾಪಿಗೆ ದಾಟುತ್ತಿದ್ದರು. ಓರೆ ಬಿಸಿಲು ದಪ್ಪ ಗಾಜಿನ ಮೇಲೆ ಬಿದ್ದು ಎಲ್ಲ ಹಸಿರು ಹಸಿರಾಗಿ ಕಾಣುತ್ತಿತ್ತು. ಜನ ದಾಟಿ ಮುಗಿಯಿತು. ಪೈಲಟ್ ಕಾರಿಗೂ ನಮಗೂ ನಡುವೆ ನುಗ್ಗಿದ್ದ ಬಸ್ಸು ಹೊರಟಿತು. ಎಡ, ಬಲ ಕನ್ನಡಿ ನೋಡಿದೆ. ಮೇಡಂ "ಎಡ ಖಾಲಿ," ಅಂದರು. ಬ್ರೇಕಿನಿಂದ ಕಾಲು ತೆಗೆದೆ. ಆಟೋಮ್ಯಾಟಿಕ್ ಗೇರು, ಕಾಲು ತೆಗೆದರೆ ಸಾಕು ತಾನೇ ತೆವಳುತ್ತದೆ.

ಬಲಗಡೆ ಬೈಕಿನ ಮೇಲಿದ್ದ ಒಬ್ಬ ಹೆಲ್ಮೆಟ್ಟು ಕಳಚಿ ನನ್ನ ಗಾಜಿಗೆ ಬಡಿಯುತ್ತಿದ್ದ. ಸದ್ದು ಕೇಳಿಸಲಿಲ್ಲ, ಕೈ ಕಾಣಿಸಿತು. ಬ್ರೇಕು ಒತ್ತಿದೆ.

ಬಾನೆಟ್ಟಿನ ಅಂಚಿನ ಆಚೆ ಒಂದು ಕೈ ಮೇಲೆ ಬಂತು. ಆಮೇಲೆ ಒಂದು ತಲೆ. ಒಬ್ಬ ಹೆಂಗಸು ನನ್ನ ಬಂಪರನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದಳು.

ರಸ್ತೆಯಲ್ಲಿ ಬಾಗಿಲು ತೆಗೆಯಬಾರದು ಅಂತ ನಿಯಮ. ಹ್ಯಾಂಡ್‌ಬ್ರೇಕು ಎಳೆದು, ಹೆಗಲು ಕೊಟ್ಟು ತಳ್ಳಿದೆ, ಕೆಳಗೆ ಹಾರಿದೆ. ಹೊರಗಿನ ಗದ್ದಲ ಒಂದೇ ಸಲಕ್ಕೆ ಕಿವಿಗೆ ನುಗ್ಗಿತು. ಜನ ಆಗಲೇ ಸುತ್ತುವರಿದಿದ್ದರು, ಇಬ್ಬರು ಫೋನ್ ಎತ್ತಿ ಹಿಡಿದಿದ್ದರು. ಆಕೆಯ ಊಟದ ಡಬ್ಬಿ ಕೈಜಾರಿ ಮುಚ್ಚಳ ಉರುಳಿತ್ತಂತೆ. ಎತ್ತಿಕೊಳ್ಳಲು ಬಗ್ಗಿದಾಗ ಬಂಪರು ಭುಜಕ್ಕೆ ತಾಗಿ ಕೂತಳು. ಅಂಗೈ ತರಚಿತ್ತು. ಬೇರೆ ಏಟಿಲ್ಲ. ಇನ್ನೊಂದು ಮೊಳ ತೆವಳಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಆಗ ಯೋಚಿಸಲಿಲ್ಲ.

"ನಾ ಕಾಣ್ಲಿಲ್ಲೇನ್ರೀ ನಿಮಗ?" ಅಂದಳು. ಉತ್ತರ ಕರ್ನಾಟಕದ ಮಾತು. ನಲವತ್ತರ ವಯಸ್ಸು, ನನ್ನ ಎದೆಯ ಎತ್ತರಕ್ಕೂ ಬರುತ್ತಿರಲಿಲ್ಲ.

"ಇಲ್ಲಮ್ಮ. ಕಾಣ್ಲಿಲ್ಲ."

ಅವಳು ಗಾಡಿಯನ್ನು ಒಮ್ಮೆ ಕೆಳಗಿಂದ ಮೇಲಕ್ಕೆ ನೋಡಿದಳು. "ನಾ ಭಾಳ ಗಿಡ್ಡ ಅದೀನಿ. ಅದಕ್ಕ ಕಂಡಿಲ್ಲ ಬಿಡ್ರಿ."

ಜೊತೆಯವರು ಜೋರು ಮಾಡುತ್ತಿದ್ದರು. "ಹೆಂಗ್ ಓಡಸ್ತೀರಿ, ಕಣ್ಣ ಇಲ್ಲೇನ್ ನಿಮಗ?" ಅಂತ ಒಬ್ಬಳು ನನ್ನ ಮುಖಕ್ಕೇ ಕೇಳಿದಳು. ಅದು ಸಹಜ, ನನಗೆ ಬೇಸರವಾಗಲಿಲ್ಲ. ಬಿದ್ದವಳು ತಪ್ಪನ್ನು ತನ್ನ ಎತ್ತರದ ಮೇಲೆ ಹಾಕಿಕೊಂಡಳಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಮೇಡಂ ಅವಳ ಕೈ ತೊಳೆದು ಪಟ್ಟಿ ಕಟ್ಟಿದರು, ಪೈಲಟ್ ಕಾರಿನಲ್ಲಿ ಆಸ್ಪತ್ರೆಗೆ ಹೋಗೋಣ ಅಂದರು. "ಬಸ್ ತಪ್ಪತೈತ್ರಿ," ಅಂತ ಅವಳು ಒಪ್ಪಲಿಲ್ಲ. ಮೇಡಂ ಬಿಡದೆ ನಂಬರ್ ತೆಗೆದುಕೊಂಡು ಮಾರನೇ ಬೆಳಿಗ್ಗೆ ಫೋನ್ ಮಾಡಿದರು. "ಆರಾಮ ಅದೀನ್ರಿ, ಕೆಲಸದಾಗ ಅದೀನಿ," ಅಂದಳಂತೆ.

ಗಾಡಿಯನ್ನು ಪೀಣ್ಯಕ್ಕೆ ತಂದೆ. ಗೇಟಿನ ಹತ್ತಿರ ಬಂದಾಗ ಮೇಡಂ, "ನಾನು ಎಡ ಖಾಲಿ ಅಂದೆ," ಅಂದರು.

"ನೀವು ಕಂಡದ್ದು ಹೇಳಿದ್ರಿ. ಮುಂದಿನದು ನನ್ನ ಕೆಲಸ. ಮೂರನೇ ದಿನ ಸಹಿ ಹಾಕೋವಾಗ್ಲೇ ನೋಡ್ಬೇಕಿತ್ತು, ನೋಡಿಲ್ಲ."

ಮಾರನೇ ಬೆಳಿಗ್ಗೆ ಗಾಡಿಯನ್ನು ರಸ್ತೆಗೆ ಇಳಿಸಲಿಲ್ಲ. ಕಾರ್ಖಾನೆಯ ಅಂಗಳದ ನಡುವೆ ನಿಲ್ಲಿಸಿ, ನಾನು ಸೀಟಿನಲ್ಲಿ ಕೂತೆ. ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಇದ್ದರು, ಹೆಚ್ಚು ಕಮ್ಮಿ ಆ ಹೆಂಗಸಿನದೇ ಎತ್ತರ. ಅವರನ್ನು ಬಂಪರಿಗೆ ತಾಗಿ ನಿಲ್ಲಿಸಿದೆವು. ನನಗೆ ಕಾಣಲಿಲ್ಲ. ವಾಕಿಟಾಕಿಯಲ್ಲಿ "ಒಂದು ಹೆಜ್ಜೆ ಹಿಂದೆ," ಅಂದೆ. ಕಾಣಲಿಲ್ಲ. ಇನ್ನೊಂದು. ಇನ್ನೊಂದು. ನಾಲ್ಕನೇ ಹೆಜ್ಜೆಗೆ ಅವರ ಬೈತಲೆ ಕಂಡಿತು. ಅಲ್ಲಿ ಮೇಡಂ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಹೀಗೆ ಗಾಡಿಯ ಸುತ್ತ ಅಡಿ ಅಡಿಗೆ ನಿಲ್ಲಿಸಿ, ಹಿಂದೆ ಸರಿಸಿ, ಗುರುತು ಹಾಕಿದೆವು. ಎರಡು ಗಂಟೆ ಹಿಡಿಯಿತು. ಆಮೇಲೆ ಗುರುತುಗಳನ್ನು ಸೇರಿಸಿ ಗೆರೆ ಎಳೆದೆವು.

ಇಳಿದು ನೋಡಿದೆ. ಮುಂದುಗಡೆ ಒಂದು ಅಗಲವಾದ ಪಟ್ಟಿ. ಎಡಗಡೆ ಮುಂಚಕ್ರದ ಹತ್ತಿರ ಅದು ಹೊಟ್ಟೆಯ ಹಾಗೆ ಉಬ್ಬಿಕೊಂಡು ಹೊರಗೆ ಬಂದಿತ್ತು. ಗಾಜಿನ ಪಕ್ಕದ ಉಕ್ಕಿನ ಕಂಬ ಒಂದೂವರೆ ಗೇಣು ದಪ್ಪ. ಅದರ ನೆರಳೇ ಅಷ್ಟು ಜಾಗ ನುಂಗಿತ್ತು. ಲಗ್ಗೆರೆಯ ಯಜಮಾನರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳಾಗಿತ್ತು. ಮೊದಲು ಪೈಲಟ್ ಕಾರಿನವನ ಹತ್ತಿರ ಹೋಗಿ, "ಅವತ್ತು ನಿನ್ ತಪ್ಪಿರ್ಲಿಲ್ಲ ಮಾರಾಯ," ಅಂದೆ. "ಗೊತ್ತು ಬಿಡಿ ಅಣ್ಣ," ಅಂದ.

ಪಾರ್ಕಿಂಗಿನಿಂದ ಬೈಕುಗಳನ್ನು ತಳ್ಳಿಕೊಂಡು ಬಂದು ಎಡಗಡೆ ಉಬ್ಬಿದ ಗೆರೆಯ ಒಳಗೆ ನಿಲ್ಲಿಸುತ್ತಾ ಹೋದೆವು. ಐದು ಹಿಡಿದವು. ಆಮೇಲೆ ಮ್ಯಾನೇಜರನ್ನು ಕರೆಸಿದೆ. ಅವರನ್ನು ಹಿಂದಿನ ಕಡೆಯಿಂದ ಕರೆತಂದು ಬಲಬಾಗಿಲಿನಲ್ಲಿ ಹತ್ತಿಸಿ ನನ್ನ ಸೀಟಿನಲ್ಲಿ ಕೂರಿಸಿದೆ.

"ಏನ್ ಕಾಣ್ತಿದೆ ಸಾರ್?"

"ಏನಿದೆ ಕಾಣೋಕೆ? ಖಾಲಿ ಅಂಗಳ."

"ಕನ್ನಡೀಲೂ ನೋಡಿ."

ನೋಡಿದರು. "ಖಾಲಿ."

"ಇಳೀರಿ ಸಾರ್."

ಇಳಿದು ಮುಂದಿನಿಂದ ಸುತ್ತಿ ಎಡಕ್ಕೆ ಬಂದರು. ಐದು ಬೈಕುಗಳನ್ನು ಒಂದೊಂದಾಗಿ ಎಣಿಸಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ಗಾಡಿ ನೋಡಿ ಒಪ್ಪಬೇಕಾದ ಪಡೆಯ ತಪಾಸಣೆಯ ತಂಡ ಬರಲು ಐದೇ ದಿನ ಉಳಿದಿತ್ತು, ಆ ಒತ್ತಡ ಅವರ ತಲೆಯ ಮೇಲಿತ್ತು.

"ಕವಚದ ಗಾಡಿ ಅಂದ್ರೆ ಹಿಂಗೇ ಇರೋದು," ಅಂದರು. "ಎಲ್ಲರದ್ದೂ ಹಿಂಗೇ. ಗಾಜು ದೊಡ್ಡದು ಮಾಡಿದ್ರೆ ಗುಂಡು ತಡೆಯಲ್ಲ."

"ಗಾಜು ಬದಲಾಯಿಸಿ ಅಂತಿಲ್ಲ ಸಾರ್. ಕಾಣುತ್ತೆ ಅಂತ ನಾನು ಬರ್ಕೊಟ್ಟಿದ್ದು ತಪ್ಪು. ಆ ಸಾಲನ್ನ ಹೊಡೆದು ಹಾಕ್ತೀನಿ."

"ಹೊಡೆದು ಹಾಕಿದ ಹಾಳೆ ಅವರ ಕೈಗೆ ಹೋದ್ರೆ ಮೊದಲು ಗಾಡಿ ಬಗ್ಗೆ ಕೇಳ್ತಾರೆ, ಆಮೇಲೆ ನಿಮ್ಮ ಬಗ್ಗೆ. ಬೇಕಾದ್ರೆ ಹೊಸ ಹಾಳೆ ತಗೊಳ್ಳಿ. ಮೊದಲಿಂದ ಸರಿಯಾಗಿ ಬರೀರಿ, ಹಳೇದು ಹರಿದು ಹಾಕೋಣ. ಯಾರಿಗೂ ಗೊತ್ತಾಗಲ್ಲ."

ಅದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಒಂದು ಕ್ಷಣ ಒಪ್ಪಿಬಿಡೋಣ ಅನ್ನಿಸಿತು. ಆದರೆ ಫೌಜಿನಲ್ಲಿ ಗಾಡಿಯ ಪುಸ್ತಕದಲ್ಲಿ ತಪ್ಪು ಬರೆದರೆ ಒಂದೇ ಒಂದು ಗೆರೆ ಎಳೆಯಬೇಕಿತ್ತು, ಹಳೆಯ ಅಕ್ಷರ ಓದಲು ಬರುವ ಹಾಗೆ. ಮುಂದೆ ಗಾಡಿ ಹಿಡಿಯುವವನಿಗೆ ಹಿಂದಿನವನು ಎಲ್ಲಿ ಮೋಸಹೋದ ಅನ್ನುವುದೂ ಗೊತ್ತಾಗಬೇಕು. ನಾನು ಅದೇ ಹಾಳೆ ತರಿಸಿಕೊಂಡೆ. ಆರನೇ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ಬಂಪರಿನಿಂದ ನಾಲ್ಕು ಹೆಜ್ಜೆಯೊಳಗೆ ನಿಂತ ಗಿಡ್ಡ ವ್ಯಕ್ತಿ ಕಾಣುವುದಿಲ್ಲ. ಎಡಕ್ಕೆ ಐದು ಬೈಕು ಕಾಣುವುದಿಲ್ಲ" ಅಂತ ಬರೆದು ತಾರೀಖು ಹಾಕಿದೆ. ಬರೆದ ಮೇಲೆ "ಗಿಡ್ಡ ವ್ಯಕ್ತಿ" ಅನ್ನುವುದನ್ನೂ ಹೊಡೆದೆ. "ವ್ಯಕ್ತಿ" ಅಂತಷ್ಟೇ ಬರೆದೆ.

ಇನ್ನು ಪರಿಹಾರ. ಕ್ಯಾಮೆರಾ ಹಾಕಬಹುದು, ಅದು ಎಲ್ಲರಿಗೂ ಹೊಳೆಯುವುದೇ. ಆದರೆ ಕವಚದ ಉಕ್ಕಿಗೆ ತೂತು ಕೊರೆಯುವಂತಿಲ್ಲ. ಒಂದು ತೂತು ಬಿದ್ದರೂ ಗುಂಡು ತಡೆಯುವ ಪರೀಕ್ಷೆ ಮತ್ತೆ ಮೊದಲಿನಿಂದ ಆಗಬೇಕು. ಮೇಡಂ ಅವತ್ತಿಡೀ ಗಾಡಿಯ ಕೆಳಗೆ ಮಲಗಿ ವೈರು ಹೋಗುವ ದಾರಿ ಹುಡುಕಿದರು. ಕೊನೆಗೆ ಹೆಡ್‌ಲೈಟಿನ ವೈರು ಒಳಗೆ ಬರುವ ಕೊಳವೆಯಲ್ಲೇ ಇನ್ನೆರಡು ವೈರಿಗೆ ಜಾಗ ಸಿಕ್ಕಿತು. ಒಂದು ಕ್ಯಾಮೆರಾ ಬಂಪರಿನ ಮೇಲೆ, ಇನ್ನೊಂದು ಎಡಗನ್ನಡಿಯ ಕೆಳಗೆ. ಎರಡನ್ನೂ ತೋರಿಸುವ ಸ್ಕ್ರೀನು ಸ್ಟೇರಿಂಗಿನ ಪಕ್ಕ. ಹಾಕಿ ಓಡಿಸಿದ ಮೊದಲ ದಿನ ಅದರ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಎದುರಿನ ರಸ್ತೆಯೇ ಮಸುಕಾಯಿತು. ಕೆಳಗೆ ಇಳಿಸಿ, ಮೇಲೊಂದು ರಬ್ಬರಿನ ಮರೆ ಕಟ್ಟಿದೆವು. ಎರಡನೇ ದಿನ ಲಾರಿಯೊಂದು ಕೆಸರು ಎರಚಿ ಮುಂದಿನ ಕ್ಯಾಮೆರಾ ಕುರುಡಾಯಿತು. ಅದಕ್ಕೆ ತಗಡಿನ ಹುಬ್ಬು ಮಾಡಿಸಿದೆವು.

ಕ್ಯಾಮೆರಾ ಕೆಡುತ್ತದೆ, ಆಗ? ಅದಕ್ಕೆ ನಾನೊಂದು ಕ್ರಮ ಬರೆದೆ. ಸಿಗ್ನಲ್ಲಿನಲ್ಲಿ ನಿಂತರೆ ಬರೀ ಬ್ರೇಕು ತುಳಿದು ಕೂರುವಂತಿಲ್ಲ. ನ್ಯೂಟ್ರಲ್ಲು, ಹ್ಯಾಂಡ್‌ಬ್ರೇಕು. ಹೊರಡುವ ಮುಂಚೆ ಪಕ್ಕದವರು ಸ್ಕ್ರೀನು ನೋಡಿ ಬಾಯಿಬಿಟ್ಟು ಹೇಳಬೇಕು: ಮುಂದೆ ಖಾಲಿ, ಎಡ ಖಾಲಿ. ಸ್ಕ್ರೀನು ಕೆಟ್ಟಿದ್ದರೆ ಒಬ್ಬರು ಇಳಿದು ನೋಡಬೇಕು. ಊರೊಳಗೆ ಇದಕ್ಕೆ ವಿನಾಯಿತಿ ಇಲ್ಲ.

ತಪಾಸಣೆಯ ತಂಡ ಹೇಳಿದ ದಿನವೇ ಬಂತು. ಅದರ ಮುಖ್ಯಸ್ಥರು ಪಡೆಯ ಹಿರಿಯ ಅಧಿಕಾರಿ, ಉತ್ತರದ ಕಡೆಯವರು. ಹಾಳೆ ನೋಡುತ್ತಾ ಬಂದವರು ಆರನೇ ಸಾಲಿನಲ್ಲಿ ನಿಂತರು.

"ಇದು ಯಾರ ಸಹಿ?" ಅಂತ ಹಿಂದಿಯಲ್ಲಿ ಕೇಳಿದರು.

"ನನ್ನದು ಸಾರ್. ಎರಡೂ ನನ್ನದೇ."

"ಮೊದಲನೇದು ಹಾಕುವಾಗ ಏನು ನೋಡಿದ್ದೆ?"

"ಏನೂ ನೋಡಿರಲಿಲ್ಲ ಸಾರ್. ನನಗೆ ಗೊತ್ತು ಅಂದ್ಕೊಂಡಿದ್ದೆ."

ಮ್ಯಾನೇಜರ್ ನೆಲ ನೋಡುತ್ತಿದ್ದರು. ಅಧಿಕಾರಿ ಎರಡನೇ ಬರಹವನ್ನು ಹಿಂದಿಯಲ್ಲಿ ಓದಿಸಿಕೊಂಡರು. "ಇದು ಎಲ್ಲಿ ಗೊತ್ತಾಯಿತೋ ಅಲ್ಲಿಗೆ ಹೋಗೋಣ," ಅಂದರು. "ಅದೇ ಹೊತ್ತಿಗೆ."

ಸಂಜೆ ಐದೂವರೆಗೆ ಬೊಮ್ಮನಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತೆ. ನ್ಯೂಟ್ರಲ್ಲು, ಹ್ಯಾಂಡ್‌ಬ್ರೇಕು. ಎಡಸೀಟಿನಲ್ಲಿ ಅಧಿಕಾರಿ, ನಮ್ಮಿಬ್ಬರ ನಡುವೆ ಹಿಂದಿನಿಂದ ಬಗ್ಗಿ ಸ್ಕ್ರೀನು ನೋಡುತ್ತಿದ್ದವರು ಮೇಡಂ. ಗಾರ್ಮೆಂಟ್ಸ್ ಬಿಟ್ಟಿತು. ಗಾಜಿನಲ್ಲಿ ನೋಡಿದರೆ ಅಲ್ಲೊಂದು ಇಲ್ಲೊಂದು ತಲೆ. ಸ್ಕ್ರೀನಿನಲ್ಲಿ ಹಿಡಿಸಲಾರದಷ್ಟು ಜನ: ಚಪ್ಪಲಿಗಳು, ಸೀರೆಯ ಅಂಚುಗಳು, ಊಟದ ಚೀಲಗಳು, ತಾಯಿಯ ಬೆರಳು ಹಿಡಿದು ಓಡುವ ಒಂದು ಮಗು. ಅಧಿಕಾರಿ ಒಮ್ಮೆ ಗಾಜು ನೋಡಿದರು, ಒಮ್ಮೆ ಸ್ಕ್ರೀನು ನೋಡಿದರು. ಹಾಗೆ ನಾಲ್ಕೈದು ಸಲ ಮಾಡಿದರು.

"ಎಲ್ಲ ಗಾಡಿಗೂ ಇದು ಬರಬೇಕು," ಅಂದರು. "ಬಂದರೆ ಮಾತ್ರ ತಗೊಳ್ತೀವಿ. ನಿನ್ನ ಆ ಕ್ರಮವನ್ನೂ ಪುಸ್ತಕದಲ್ಲಿ ಸೇರಿಸ್ತೀನಿ."

ಹಸಿರು ಬಿತ್ತು. ಮುಂದಿನ ಕಾರು ಹೋಯಿತು. ನಾನು ಕದಲಲಿಲ್ಲ. ಹಿಂದೆ ಬಸ್ಸಿನವನು ದೀಪ ಮಿನುಗಿಸುತ್ತಿದ್ದ. ಮತ್ತೆ ಕೆಂಪು ಬಿತ್ತು, ಮತ್ತೆ ಹಸಿರು. ಬೈಕಿನವನೊಬ್ಬ ಪಕ್ಕದಲ್ಲಿ ಬಂದು ಗಾಜಿನ ಆಚೆ ಬಾಯಿ ಆಡಿಸುತ್ತಾ ಏನೋ ಬೈದು ಹೋದ.

"ಎಷ್ಟು ಹೊತ್ತು ಹೀಗೆ?" ಅಧಿಕಾರಿ ಕೇಳಿದರು.

"ಅವರು ದಾಟೋವರೆಗೂ ಸಾರ್."

ಅವರು ಕೈಕಟ್ಟಿ ಸೀಟಿಗೆ ಒರಗಿದರು. ಗುಂಪು ತೆಳುವಾಯಿತು. ಸ್ಕ್ರೀನಿನಲ್ಲಿ ಇಬ್ಬರು ಉಳಿದರು, ಆಮೇಲೆ ಒಬ್ಬಳು, ಆಮೇಲೆ ಬರೀ ಟಾರು.

"ಮುಂದೆ ಖಾಲಿ," ಅಂದರು ಮೇಡಂ. "ಎಡ ಖಾಲಿ."

ನಾನು ಗೇರು ಹಾಕಿ ಹ್ಯಾಂಡ್‌ಬ್ರೇಕು ಬಿಟ್ಟೆ.